ನವಸಂಪ್ರದಾಯವಾದಿ ಮಾವನೂ ಅರಕಲಗೂಡಿನ ಕೆಂಪು ಶಾಯಿಯೂ

ಅಮೆರಿಕದ ರಾಜಕೀಯ ಚಿಂತನೆಗೆ ಹೊಳೆನರಸೀಪುರದಲ್ಲಿ ಹೇಳುವವರು ಕೇಳುವವರು ಯಾರೂ ಇಲ್ಲ ಎಂದು ನೀವೇನಾದರೂ ಕೊರಗುತ್ತಿದ್ದರೆ, ದಯವಿಟ್ಟು ಆ ಕೊರಗು ಬಿಡಿ. ನಮ್ಮ ಮಾವ ಇದ್ದಾರೆ! ಊರೆಲ್ಲ ನಾಲೆಗೆ ನೀರು ಬಿಟ್ಟರೇ, ಬಿತ್ತನೆ ಆಲೂಗಡ್ಡೆ ಬಂತೇ, ಶುಂಠಿಗೆ ಕೊಳೆರೋಗ ಹತ್ತಿತೇ ಎಂದು ತಲೆ ಕೆಡಿಸಿಕೊಂಡಿರುವಾಗ ಇವರ ತಲೆ ಕೆಡಲು ಬೇರೆಯೇ ಕಾರಣ. ಎಂಬತ್ತು ತೊಂಬತ್ತು ವರ್ಷಗಳ ಹಿಂದೆ ನ್ಯೂಯಾರ್ಕಿನ ಒಂದು ಕಾಲೇಜು ಕ್ಯಾಂಟೀನಿನಲ್ಲಿ ಯಾವ ಹುಡುಗ ಯಾವ ಮೂಲೆಯಲ್ಲಿ ಕೂತು ಯಾರಿಗೆ ಏನೆಂದು ಬೈದ ಎಂಬುದು ಅವರಿಗೆ ಮುಖ್ಯ. ಹಾಗಾದರೆ ಅಮೆರಿಕಕ್ಕೆ ಹೋಗಿ ಬಂದವರೇ ಎಂದು ಕೇಳಬೇಡಿ. ಅವರು ಶಿರಾಡಿ ಘಾಟಿ ಇಳಿದದ್ದೇ ಜೀವಮಾನದಲ್ಲಿ ಒಂದು ಸಲ, ಅದೂ ನಮ್ಮ ಅತ್ತೆಯ ಹರಕೆ ತೀರಿಸಲು.

ಮಾವ ಎಂದರೆ ನಮ್ಮ ಅವ್ವನ ತಮ್ಮ. ಒಂದು ಕಾಲೇಜಿನಲ್ಲಿ ರಾಜ್ಯಶಾಸ್ತ್ರದ ಮೇಷ್ಟರಾಗಿದ್ದು ನಿವೃತ್ತರಾದವರು. ನಿವೃತ್ತರಾದ ಮೇಲೆ ಬೇರೆಯವರು ತೆಂಗು ಹಾಕುತ್ತಾರೆ, ಸೈಟು ಬೇಲಿ ಎಂದು ಓಡಾಡುತ್ತಾರೆ. ಇವರು ಪುಸ್ತಕ ಬರೆಯಲು ಕೂತರು. ವಿಷಯ, ಅಮೆರಿಕದ ನವಸಂಪ್ರದಾಯವಾದ ಎಂಬ ರಾಜಕೀಯ ಚಿಂತನೆ ಎಲ್ಲಿ ಹುಟ್ಟಿತು, ಯಾವ ಹಾಲು ಕುಡಿದು ಬೆಳೆಯಿತು, ಕೊನೆಗೆ ಎಲ್ಲಿಗೆ ಹೋಗಿ ಮುಟ್ಟಿತು ಎಂಬುದು. ಯಾರು ಓದುತ್ತಾರೆ ಮಾವ ಎಂದು ನಾನೊಮ್ಮೆ ಕೇಳಿದ್ದೆ. ‘ಓದೋನು ಒಬ್ಬ ಅವನೆ, ಸಾಕು’ ಅಂದರು. ಆ ಒಬ್ಬ ಯಾರು ಎಂಬುದೇ ಈ ಕತೆ.

ನನ್ನದು ಚನ್ನರಾಯಪಟ್ಟಣದಲ್ಲಿ ಒಂದು ಜೆರಾಕ್ಸ್ ಮತ್ತು ಡಿಟಿಪಿ ಅಂಗಡಿ. ಪಹಣಿ ಅರ್ಜಿ, ಮದುವೆಯ ಬಯೋಡೇಟಾ, ಬೋರ್‌ವೆಲ್ ಕೊಟೇಶನ್ ಇವುಗಳ ನಡುವೆ ಆರು ತಿಂಗಳಿಗೋ ವರ್ಷಕ್ಕೋ ಒಮ್ಮೆ ಮಾವ ಬಂದು ಕೈಬರಹದ ಒಂದು ಅಧ್ಯಾಯವನ್ನು ಮುಂದಿಡುತ್ತಾರೆ. ಅರ್ಜಿ ಹಾಕಲು ಬಂದವರು ಕಾಯಬೇಕು. ಒಬ್ಬರು, ಇದೇನು ಕೋರ್ಟ್ ಕಾಗದವೇ ಎಂದು ವಿಚಾರಿಸಿದ್ದಕ್ಕೆ ಮಾವ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಪ್ರಾಚೀನ ಗ್ರೀಕರಿಂದ ಶುರುಮಾಡಿದರು. ಆ ಮನುಷ್ಯ ಬಂದಿದ್ದು ರೇಷನ್ ಕಾರ್ಡಿನಲ್ಲಿ ಮೊಮ್ಮಗಳ ಹೆಸರು ಸೇರಿಸಲು. ರೋಮ್ ತಲುಪುವಷ್ಟರಲ್ಲಿ ಅವರ ಬಸ್ಸು ಹೋಗಿತ್ತು.

ಟೈಪ್ ಮಾಡುವಾಗ ನನಗೆ ಒಂದೇ ಒಂದು ಕಟ್ಟಪ್ಪಣೆ. ಪುಟದ ಬಲಗಡೆ ನಾಲ್ಕು ಬೆರಳು ಜಾಗ ಬಿಡಬೇಕು. ಕಾಗದ ದಂಡ ಮಾವ ಎಂದರೆ ಕೇಳುವುದಿಲ್ಲ. ಅಲ್ಲಿ ಎದುರುಪಕ್ಷ ಕೂರಬೇಕಂತೆ.

ಈ ಎದುರುಪಕ್ಷ ಇರುವುದು ಅರಕಲಗೂಡಿನಲ್ಲಿ. ಅವರೂ ಮೇಷ್ಟ್ರೇ, ಹೈಸ್ಕೂಲಿನಲ್ಲಿದ್ದು ನಿವೃತ್ತರಾದವರು. ಮಾವನೂ ಈ ಮೇಷ್ಟರೂ ಹಾಸನದಲ್ಲಿ ಒಟ್ಟಿಗೆ ಓದಿದರು. ಓದಿದರು ಅನ್ನುವುದು ಮರ್ಯಾದೆಗೆ. ಕ್ಲಾಸಿನಲ್ಲಿ ಕೂತದ್ದಕ್ಕಿಂತ ಕಾಲೇಜಿನ ಹಿಂದಿದ್ದ ಹೋಟೆಲಿನಲ್ಲಿ ಬೈಟು ಕಾಫಿ ಮುಂದಿಟ್ಟುಕೊಂಡು ಕೂತದ್ದೇ ಹೆಚ್ಚು. ಆಗ ಇಬ್ಬರೂ ಕೆಂಪು ಬಾವುಟದ ಕಡೆಯವರು. ಕ್ರಾಂತಿ ಬೆಂಗಳೂರಿಗೆ ಮೊದಲು ಬರುತ್ತದೋ ಹಾಸನಕ್ಕೆ ಮೊದಲು ಬರುತ್ತದೋ ಎಂಬ ಬಗ್ಗೆ ಮಾತ್ರ ಭಿನ್ನಾಭಿಪ್ರಾಯ. ಹೋಟೆಲಿನ ಬಾಗಿಲ ಕಡೆಯ ಬೆಂಚು ಒಂದು ಬಣದ್ದು, ಕೈತೊಳೆಯುವ ತೊಟ್ಟಿಯ ಕಡೆಯ ಬೆಂಚು ಇನ್ನೊಂದು ಬಣದ್ದು. ಎರಡೂ ಬಣ ಸೇರಿದರೆ ಏಳು ಜನ.

ಅದಕ್ಕೇ ಮಾವನಿಗೆ ನ್ಯೂಯಾರ್ಕಿನ ಆ ಕ್ಯಾಂಟೀನ್ ಎಂದರೆ ತವರುಮನೆಯಷ್ಟು ಆಪ್ತ. ಅಲ್ಲಿಯೂ ಹಾಗೇ ಇತ್ತಂತೆ. ವಲಸೆ ಬಂದ ಬಡವರ ಮಕ್ಕಳು, ಫೀಸಿಲ್ಲದ ಕಾಲೇಜು. ಒಂದು ಮೂಲೆಯಲ್ಲಿ ಒಂದು ಬಗೆಯ ಎಡಪಂಥೀಯರು, ಪಕ್ಕದ ಮೂಲೆಯಲ್ಲಿ ಅವರನ್ನು ಕಂಡರಾಗದ ಇನ್ನೊಂದು ಬಗೆಯ ಎಡಪಂಥೀಯರು, ಬೆಳಗಿನಿಂದ ಸಂಜೆಯವರೆಗೆ ವಾದ. ಆ ವಾದ ಮಾಡಿದ ಹುಡುಗರಲ್ಲೇ ಕೆಲವರು ಮುಂದೆ ತಾವು ಪೂಜಿಸಿದ ಕ್ರಾಂತಿಯ ದೇಶದಲ್ಲಿ ಜನರ ಗತಿ ಏನಾಯಿತು ಎಂಬುದನ್ನು ನೋಡಿ ಬೆಚ್ಚಿದರು. ಮೆಲ್ಲಗೆ ಎಡದಿಂದ ನಡುವಿಗೆ, ನಡುವಿನಿಂದ ಬಲಕ್ಕೆ ಸರಿದರು. ನವಸಂಪ್ರದಾಯವಾದ ಹುಟ್ಟಿದ್ದು ಹೀಗೆ. ಬಲದಲ್ಲಿ ಹುಟ್ಟಿ ಬಲದಲ್ಲೇ ಬೆಳೆದವರದ್ದಲ್ಲ ಇದು, ಮನೆ ಬದಲಿಸಿದವರದ್ದು ಎಂದು ಮಾವ ಹೇಳುವಾಗ ಅವರ ದನಿ ನೋಡಬೇಕು, ತಾವೇ ಸಾಮಾನು ಗಾಡಿಗೆ ಹೇರಿದವರ ಹಾಗೆ ಮಾತಾಡುತ್ತಾರೆ. ಮಾವನೂ ಮನೆ ಬದಲಿಸಿದವರೇ ತಾನೆ? ಅರಕಲಗೂಡಿನ ಮೇಷ್ಟ್ರು ಮಾತ್ರ ಹಳೆಯ ಮನೆಯಲ್ಲೇ ಉಳಿದರು.

ಅಷ್ಟಕ್ಕೇ ಸ್ನೇಹ ಮುರಿಯಲಿಲ್ಲ. ಇಬ್ಬರೂ ಬೇರೆ ಬೇರೆ ಬೆಂಚಿನಲ್ಲಿ ಕೂತವರಂತೆ ಬೈದಾಡಿಕೊಂಡೇ ಇದ್ದರು. ಮುರಿದದ್ದು ಮೇಷ್ಟರ ಮಗನ ಮದುವೆಯಲ್ಲಿ, ಊಟದ ಪಂಕ್ತಿಯಲ್ಲಿ. ಅಮೆರಿಕ ಆಗಷ್ಟೇ ಮರಳುಗಾಡಿನ ದೇಶವೊಂದರ ಮೇಲೆ ಯುದ್ಧಕ್ಕೆ ಹೋಗಿತ್ತು. ಆ ಯುದ್ಧಕ್ಕೆ ಮಾವನ ನೆಚ್ಚಿನ ಚಿಂತಕರ ಶಿಷ್ಯಕೋಟಿಯೇ ಕುಮ್ಮಕ್ಕು ಕೊಟ್ಟದ್ದು ಎಂದು ಪೇಪರಿನಲ್ಲೆಲ್ಲ ಬಂದಿತ್ತು. ಆರು ತಿಂಗಳಲ್ಲಿ ಅಲ್ಲಿ ಪ್ರಜಾಪ್ರಭುತ್ವ ನೆಲೆಯಾಗುತ್ತದೆ ಎಂದು ಮಾವ ಕೋಸಂಬರಿಯ ಹೊತ್ತಿಗೆ ಹೇಳಿದರು. ಹೆಣ ಬೀಳುತ್ತದೆ ಅಷ್ಟೇ ಎಂದು ಮೇಷ್ಟ್ರು ಸಾರಿನ ಹೊತ್ತಿಗೆ ಹೇಳಿದರು. ಪಾಯಸ ಬರುವಷ್ಟರಲ್ಲಿ ಇಬ್ಬರೂ ಹಳೆಯದನ್ನೆಲ್ಲ ಎತ್ತಿ ಆಡಿದ್ದರು. ಮಾವ ಅರ್ಧ ಉಂಡ ಎಲೆ ಬಿಟ್ಟು ಎದ್ದು ನಡೆದರು.

ಎಲೆ ಬಿಟ್ಟು ಏಳುವುದು ಎಂದರೇನು ಎಂದು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಅದೂ ಗೆಳೆಯನ ಮಗನ ಮದುವೆಯಲ್ಲಿ, ಗಂಡು ಹೆಣ್ಣು ಪಂಕ್ತಿಗೆ ಕೈಮುಗಿಯುತ್ತ ಬರುತ್ತಿದ್ದಾಗ! ಇಪ್ಪತ್ತು ವರ್ಷ ದಾಟಿತು, ಇಬ್ಬರೂ ಮಾತಾಡಿರಲಿಲ್ಲ. ಅಲ್ಲಿ ಸಾವಾದರೆ ಇವರು ಹೋಗಲಿಲ್ಲ, ಇಲ್ಲಿ ಗೃಹಪ್ರವೇಶವಾದರೆ ಅವರು ಬರಲಿಲ್ಲ.

ಈಗ ಕೇಳಿ ತಮಾಷೆಯನ್ನು. ಪುಸ್ತಕದ ಮೊದಲ ಅಧ್ಯಾಯ ಟೈಪಾದ ದಿನ ಮಾವ ಅದನ್ನು ಬಟ್ಟೆ ಅಂಗಡಿಯ ಒಂದು ಹಳದಿ ಚೀಲಕ್ಕೆ ಹಾಕಿ, ಹೊಳೆನರಸೀಪುರದ ಬಸ್‌ಸ್ಟ್ಯಾಂಡಿನಲ್ಲಿ ಅರಕಲಗೂಡಿನ ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟು, ಇಂಥ ಮೇಷ್ಟರಿಗೆ ತಲುಪಿಸಪ್ಪ ಎಂದರು. ಕಾಗದವಿಲ್ಲ, ಕ್ಷೇಮಸಮಾಚಾರವಿಲ್ಲ, ಬರೀ ಅಧ್ಯಾಯ. ನಾಲ್ಕನೇ ದಿನ ಅದೇ ಚೀಲ ಅದೇ ಕಂಡಕ್ಟರ್ ಕೈಯಲ್ಲಿ ವಾಪಸ್ಸು ಬಂತು. ಬಲಗಡೆಯ ನಾಲ್ಕು ಬೆರಳು ಜಾಗದ ತುಂಬ ಕೆಂಪು ಶಾಯಿ. ‘ಇದಕ್ಕೆ ಆಧಾರ?’ ‘ಹೇಳಿದ್ದನ್ನೇ ಹೇಳಿದೆ.’ ‘ಹೀಗಂದವನು ತನ್ನ ಜೀವನದಲ್ಲಿ ಒಂದು ದಿನ ಗದ್ದೆಗೆ ಇಳಿದಿದ್ದಾನೆಯೇ?’ ಅಂಕ ಒಂದನ್ನು ಬಿಟ್ಟು ಎಲ್ಲವನ್ನೂ ಹಾಕಿದ್ದರು! ಮಾವ ಅದನ್ನು ಓದಿ ಎಷ್ಟು ಖುಷಿಪಟ್ಟರೆಂದರೆ, ಅತ್ತೆ ಯಾವುದೋ ಪ್ರಶಸ್ತಿ ಬಂತೆಂದು ತಿಳಿದು ಒಂದು ಪಾವು ರವೆ ಹುರಿದುಬಿಟ್ಟರು.

ಹೀಗೆ ಹತ್ತು ವರ್ಷ ಆ ಹಳದಿ ಚೀಲ ಓಡಾಡಿತು. ಡ್ರೈವರ್ ಸೀಟಿನ ಹಿಂದಿನ ಮೊಳೆಗೆ ಅದನ್ನು ನೇತುಹಾಕುತ್ತಿದ್ದ ಕಂಡಕ್ಟರ್ ಒಳಗಿರುವುದು ಜಾತಕ ಎಂದು ನಂಬಿದ್ದ. ತಪ್ಪೇನು? ಹೋಗುತ್ತದೆ, ಬರುತ್ತದೆ, ಬರುವಾಗ ಕೆಂಪು ಗುರುತು ಬೇರೆ. ಒಂದು ದಿನ ತಡೆಯಲಾರದೆ, ಇನ್ನೂ ಕೂಡಿ ಬಂದಿಲ್ವಾ ಸಾ ಎಂದು ಕೇಳಿದ. ಇಲ್ಲ ಕಣಪ್ಪ, ಎರಡೂ ಕಡೆಯವರದ್ದು ಹಟ ಎಂದರು ಮಾವ.

ಚಿಂತನೆಯನ್ನು ಪುಸ್ತಕಕ್ಕೆ ಮಾತ್ರ ಇಟ್ಟುಕೊಂಡಿದ್ದರೆ ಅತ್ತೆಯ ಬಾಳು ಸುಖವಾಗಿರುತ್ತಿತ್ತು. ಮಾವ ಅದನ್ನು ಮನೆಯೊಳಗೂ ತಂದರು. ಈ ಚಿಂತಕರ ಒಂದು ಮುಖ್ಯ ಮಾತು ಏನೆಂದರೆ, ಸರ್ಕಾರ ಒಳ್ಳೆಯದು ಮಾಡುತ್ತೇನೆಂದು ಹೊರಟಾಗ ಯಾರೂ ಎಣಿಸದ ಬೇರೆಯೇ ಪರಿಣಾಮ ಆಗಿಬಿಡುತ್ತದೆ, ಆದ್ದರಿಂದ ಹುಷಾರು. ಅತ್ತೆ ಇಲಿ ಕಾಟಕ್ಕೆಂದು ಒಂದು ಬೆಕ್ಕಿಗೆ ಹಾಲಿಡಲು ಶುರುಮಾಡಿದ್ದರು. ಮೂರು ತಿಂಗಳಲ್ಲಿ ಬೆಕ್ಕು ಏಳಾದವು. ಹೊಟ್ಟೆ ತುಂಬಿದ ಬೆಕ್ಕುಗಳು ಇಲಿಗಳ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ನೋಡಿದೆಯಾ, ಕಲ್ಯಾಣ ರಾಜ್ಯದ ಗತಿ ಇದೇ ಎಂದು ಮಾವ ಹಿಗ್ಗಿದರು. ಅತ್ತೆ ಸೌಟು ಕೆಳಗಿಟ್ಟು, ‘ನಲವತ್ತು ವರ್ಸದಿಂದ ನಿಮಗೂ ಇಕ್ತಾ ಇವ್ನಿ. ಅದರ ಪರಿಣಾಮ ಏನಾಯ್ತು ಅಂತ ಅದನ್ನೂ ಬರೀರಿ’ ಅಂದರು. ಆ ಅಧ್ಯಾಯಕ್ಕೆ ಬೆಕ್ಕಿನ ಉದಾಹರಣೆ ಸೇರಲಿಲ್ಲ.

ಇನ್ನು ದೇವರ ವಿಚಾರ. ಮಾವನಿಗೆ ದೇವರಲ್ಲಿ ನಂಬಿಕೆಯಿಲ್ಲ, ಆದರೆ ಊರಿಗೆ ನಂಬಿಕೆ ಇರಬೇಕು. ಮಾರುಕಟ್ಟೆ ಹೊಟ್ಟೆ ತುಂಬಿಸುತ್ತದೆ, ಮನುಷ್ಯನನ್ನು ಒಳ್ಳೆಯವನನ್ನಾಗಿ ಮಾಡುವುದಿಲ್ಲ, ಅದಕ್ಕೆ ಮನೆ ಬೇಕು, ಶಾಲೆ ಬೇಕು, ಗುಡಿ ಬೇಕು ಎಂಬುದು ಆ ಚಿಂತನೆಯ ಇನ್ನೊಂದು ಬೇರು. ಹಾಗಾಗಿ ಪ್ರತಿ ಶನಿವಾರ ಅತ್ತೆಯ ಜೊತೆ ನರಸಿಂಹಸ್ವಾಮಿ ಗುಡಿಗೆ ತಪ್ಪದೆ ಹೋಗುತ್ತಾರೆ. ಬಾಗಿಲವರೆಗೆ ಮಾತ್ರ. ಒಳಗೆ ಹೋಗದೆ ಹೊರಗೆ ನಿಂತು ಎಲ್ಲರ ಚಪ್ಪಲಿ ಕಾಯುತ್ತಾರೆ, ಯಾರು ಬಂದರು ಯಾರು ಬರಲಿಲ್ಲ ಎಂದು ನೋಡುತ್ತಾರೆ. ಎರಡು ವಾರ ಬರದವರನ್ನು ದಾರಿಯಲ್ಲಿ ತಡೆದು ವಿಚಾರಿಸುವುದೂ ಉಂಟು. ಅರ್ಚಕರು ಕೂಡ ಇಷ್ಟು ವಿಚಾರಿಸುವುದಿಲ್ಲ.

ಆದರೆ ಅವರಿಗೆ ಎಲ್ಲಕ್ಕಿಂತ ಪ್ರಿಯವಾದ ವಿದ್ಯೆ ಬೇರೆ. ಜರ್ಮನಿಯಲ್ಲಿ ದುರ್ಬಲ ಗಣರಾಜ್ಯವೊಂದು ಕಣ್ಣೆದುರೇ ಕುಸಿದು ರಾಕ್ಷಸರ ಕೈಗೆ ಸಿಕ್ಕಾಗ ದೇಶ ಬಿಟ್ಟು ಅಮೆರಿಕ ಸೇರಿದ ಒಬ್ಬ ಗುರು ಇದ್ದರಂತೆ. ಅವರಿಂದ ಈ ಚಿಂತಕರಲ್ಲಿ ಕೆಲವರು ಎರಡು ವಿಷಯ ಕಲಿತರು. ಒಂದು, ಒಳ್ಳೆಯದು ಕೆಟ್ಟದ್ದು ಅವರವರ ದೃಷ್ಟಿ ಎಂದು ಕೈಚೆಲ್ಲಿ ಕೂತ ಸಮಾಜ ಬಹಳ ದಿನ ಬಾಳುವುದಿಲ್ಲ ಎಂಬುದು. ಎರಡನೆಯದು, ಹಿಂದಿನ ದೊಡ್ಡವರು ರಾಜರ ಭಯಕ್ಕೆ ನಿಜವಾದ ಮಾತನ್ನು ಸಾಲುಗಳ ನಡುವೆ ಬಚ್ಚಿಟ್ಟು ಬರೆದಿದ್ದಾರೆ, ಹುಡುಕಿ ಓದಬೇಕು ಎಂಬುದು. ಮಾವ ಎರಡನೆಯದನ್ನು ಹಿಡಿದದ್ದೇ ಹಿಡಿದದ್ದು! ಬಾಗೂರಿನ ನೆಂಟರ ಲಗ್ನಪತ್ರಿಕೆ ಬಂದರೆ ಅದನ್ನು ಮೂರು ಸಲ ಓದಿ, ಈ ಮದುವೆ ಹುಡುಗನ ತಾಯಿಗೆ ಇಷ್ಟವಿಲ್ಲ ಎಂದು ಹೇಳಿಬಿಡುತ್ತಿದ್ದರು. ಎಷ್ಟೋ ಸಲ ಅದು ನಿಜವೂ ಆಗುತ್ತಿತ್ತು, ಅದೇ ತೊಂದರೆ.

ಅದೇ ವಿದ್ಯೆಯನ್ನು ಅರಕಲಗೂಡಿನ ಕೆಂಪು ಶಾಯಿಯ ಮೇಲೂ ಪ್ರಯೋಗಿಸುತ್ತಿದ್ದರು. ಹೋದ ವರ್ಷದಿಂದ ಮೇಷ್ಟರ ಅಕ್ಷರ ಸ್ವಲ್ಪ ಅಲುಗಾಡಿದಂತೆ ಬರುತ್ತಿತ್ತು. ಮಾವ ನನ್ನ ಅಂಗಡಿಯಲ್ಲಿ ಪುಟವನ್ನು ಟ್ಯೂಬ್‌ಲೈಟಿಗೆ ಹಿಡಿದು, ‘ನೋಡಮ್ಮಿ, ತಪ್ಪು ಅಂತ ಬರೆಯೋವಾಗ ಕೈ ಅಳುಕಿದೆ. ಒಳಗೊಳಗೇ ಒಪ್ಪಿದಾನೆ ಕಣಮ್ಮಿ, ಹೇಳಕ್ಕೆ ಅಭಿಮಾನ’ ಅಂದರು. ಮುಂದಿನ ಅಧ್ಯಾಯದಲ್ಲಿ ಅಕ್ಷರ ಇನ್ನೂ ಅಲುಗಾಡಿತ್ತು. ಮೇಷ್ಟ್ರು ಎಡಪಂಥದಿಂದ ಮುಕ್ಕಾಲು ಪಾಲು ಜಾರಿದ್ದಾರೆ, ಇನ್ನು ಕಾಲು ಪಾಲು ಬಾಕಿ ಎಂದು ಮಾವ ಲೆಕ್ಕ ಹಾಕಿದರು. ನಾನೂ ತಲೆ ಆಡಿಸಿದೆ.

ಒಂದು ಮಾತು ಇಲ್ಲಿ ಹೇಳದಿದ್ದರೆ ಮೇಷ್ಟರಿಗೆ ಅನ್ಯಾಯವಾಗುತ್ತದೆ. ಮೂರನೆಯ ಅಧ್ಯಾಯದಲ್ಲಿ ಮಾವ ಕ್ರಾಂತಿಯ ದೇಶದ ಸೆರೆಮನೆಗಳ ಬಗ್ಗೆ, ಬರಗಾಲದಲ್ಲಿ ಸರ್ಕಾರವೇ ಕಾಳು ಕಸಿದುಕೊಂಡದ್ದರ ಬಗ್ಗೆ ಬರೆದಿದ್ದರು. ಮೇಷ್ಟ್ರು ಕೆಂಡವಾಗುತ್ತಾರೆ ಎಂದು ನಾವು ಕಾದಿದ್ದೆವು. ವಾಪಸ್ಸು ಬಂದ ಪುಟದಲ್ಲಿ ಇದ್ದದ್ದು ಎರಡೇ ಸಾಲು. ‘ನಿಜ. ಇದನ್ನು ನಾವು ಹೋಟೆಲಿನಲ್ಲೇ ಮಾತಾಡಬೇಕಿತ್ತು, ಆಡಲಿಲ್ಲ.’ ಜೀವಮಾನವೆಲ್ಲ ಒಂದು ಬಾವುಟ ಹಿಡಿದ ಮನುಷ್ಯ ಹಾಗೆ ಬರೆಯಬೇಕಾದರೆ ಎಷ್ಟು ದೊಡ್ಡ ಮನಸ್ಸಿರಬೇಕು! ಮಾವ ಆವತ್ತೆಲ್ಲ ಆ ಪುಟವನ್ನು ಜೇಬಿನಲ್ಲಿಟ್ಟುಕೊಂಡೇ ಓಡಾಡಿದರು.

ಅಲ್ಲಿಂದ ಮುಂದೆ ಪ್ರತಿ ಅಧ್ಯಾಯದ ಕೊನೆಗೂ ಕೆಂಪು ಶಾಯಿಯಲ್ಲಿ ಒಂದೇ ಪ್ರಶ್ನೆ ಬರತೊಡಗಿತು. ‘ಆ ಯುದ್ಧದ ಅಧ್ಯಾಯ ಯಾವಾಗ?’ ತಾನು ತನ್ನ ಕಡೆಯ ತಪ್ಪನ್ನು ಒಪ್ಪಿದ್ದೇನೆ, ಈಗ ನಿನ್ನ ಸರದಿ ಎಂದರ್ಥ. ಇದಕ್ಕೆ ಸಾಲುಗಳ ನಡುವೆ ಓದುವ ವಿದ್ಯೆಯೇನೂ ಬೇಕಿರಲಿಲ್ಲ. ಆದರೆ ಮಾವ ಈ ಒಂದನ್ನು ಮಾತ್ರ ಓದದವರಂತೆ ಇದ್ದುಬಿಟ್ಟರು. ನಗರಗಳ ಬಗ್ಗೆ ಬರೆದರು, ಶಾಲೆಗಳ ಬಗ್ಗೆ ಬರೆದರು, ಕುಟುಂಬದ ಬಗ್ಗೆ ನಲವತ್ತು ಪುಟ ಬರೆದರು. ಯುದ್ಧದ ಹತ್ತಿರ ಬಂದರೆ ಮೊಣಕಾಲು ನೋವು ಶುರುವಾಗುತ್ತಿತ್ತು. ಆ ಅಧ್ಯಾಯ ಬರೆಯದೆ ಪುಸ್ತಕ ಮುಗಿಯುವುದಿಲ್ಲ, ಆ ಮಾತು ಒಪ್ಪದೆ ಅರಕಲಗೂಡಿನ ಬಾಗಿಲು ತೆರೆಯುವುದಿಲ್ಲ ಎಂದು ಅವರಿಗೂ ಗೊತ್ತಿತ್ತು, ಅತ್ತೆಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಅವರ ಕಣ್ಣು ತೆರೆಸಿದ್ದು ಹಾಲಿನ ಸಂಘ. ಹಳ್ಳಿಮೈಸೂರಿನಿಂದಾಚೆ ಅತ್ತೆಯ ತವರು ಒಂದು ಸಣ್ಣ ಹಳ್ಳಿ. ಊರಿನ ಹೆಸರು ಹೇಳುವುದಿಲ್ಲ, ಹೇಳಿದರೆ ಇವತ್ತಿಗೂ ಯಾರಾದರೂ ನನ್ನ ಅಂಗಡಿ ಮುಂದೆ ಜಗಳಕ್ಕೆ ನಿಲ್ಲುತ್ತಾರೆ. ಅಲ್ಲಿನ ಹಾಲಿನ ಸಂಘಕ್ಕೆ ಒಬ್ಬರೇ ಗೌಡರು ವರ್ಷಗಟ್ಟಲೆ ಅವಿರೋಧ ಅಧ್ಯಕ್ಷರು. ಅವರ ಮೇಲಿದ್ದ ದೂರು ಇಷ್ಟೇ, ಅವರ ಮನೆ ಹಾಲನ್ನು ಮೊದಲು ಅಳೆಯಬೇಕು. ಮಾವ ಇದನ್ನು ಕೇಳಿ ಸುಮ್ಮನಿರುತ್ತಾರೆಯೇ? ಚುನಾವಣೆಯಿಲ್ಲದ ಸಂಘ ನಿರಂಕುಶ ರಾಜ್ಯ, ಪಕ್ಕದ ಊರಿನ ನಿರಂಕುಶತೆ ನಮ್ಮ ಊರಿಗೂ ಅಪಾಯ, ಒಳ್ಳೆಯವರು ಕೈಕಟ್ಟಿ ಕೂರಬಾರದು ಎಂದರು. ಪ್ರಜಾಪ್ರಭುತ್ವವನ್ನು ಹಬ್ಬಿಸುವ ಬಗ್ಗೆ ಅವರು ಆಗಷ್ಟೇ ಒಂದು ಅಧ್ಯಾಯ ಮುಗಿಸಿದ್ದರು. ಅದರ ಅಂಚಿನಲ್ಲಿ ಮೇಷ್ಟ್ರು ಅಲುಗಾಡುವ ಅಕ್ಷರದಲ್ಲಿ, ‘ಲಾರಿಗೆ ಹೇರಿ ಇನ್ನೊಬ್ಬರ ಊರಿನಲ್ಲಿ ಇಳಿಸಿ ಬರಲು ಇದು ಆಲೂಗಡ್ಡೆಯಲ್ಲ’ ಎಂದು ಬರೆದಿದ್ದರು. ಮಾವ ನಕ್ಕು ಬದಿಗಿಟ್ಟಿದ್ದರು.

ಆರು ಭಾನುವಾರ ಅರಳಿಕಟ್ಟೆಯಲ್ಲಿ ಭಾಷಣ ನಡೆಯಿತು. ಚುನಾವಣೆಯೂ ನಡೆಯಿತು. ಗೌಡರು ಸೋತರು, ಗೆದ್ದವರು ಮಾವನಿಗೆ ಹಾರ ಹಾಕಿದರು. ಹೊಸ ಅಧ್ಯಕ್ಷರು ಮಾಡಿದ ಮೊದಲ ಕೆಲಸ, ಹಾಲು ಅಳೆಯುವವನನ್ನು ತೆಗೆದು ತಮ್ಮ ಅಳಿಯನನ್ನು ತಂದದ್ದು. ಸೋತವರು ಬೇರೆ ಮರದ ಕೆಳಗೆ ಬೇರೆ ಕ್ಯಾನು ಇಟ್ಟರು. ಊರು ಎರಡಾಯಿತು. ಅತ್ತೆಯ ಇಬ್ಬರು ಅಣ್ಣಂದಿರು ಎರಡು ಮರದ ಕೆಳಗೆ ಹಂಚಿಹೋದರು.

ಗೌರಿ ಹಬ್ಬಕ್ಕೆ ಆ ಅಣ್ಣಂದಿರು ಪ್ರತಿ ವರ್ಷ ಒಟ್ಟಿಗೆ ಬಂದು ತಂಗಿಗೆ ಬಾಗಿನ ಕೊಟ್ಟು ಒಟ್ಟಿಗೆ ಉಂಡು ಹೋಗುತ್ತಿದ್ದರು. ಈ ಸಲ ಒಬ್ಬರು ಬೆಳಿಗ್ಗೆ ಬಂದರು. ಇನ್ನೊಬ್ಬರು ಫೋನ್ ಮಾಡಿ, ಅವನು ಹೋದನೇ ಎಂದು ಕೇಳಿಕೊಂಡು ಸಾಯಂಕಾಲ ಬಂದರು. ಇಬ್ಬರೂ ಊಟಕ್ಕೆ ಕೂರಲಿಲ್ಲ. ಎರಡು ಮೊರಗಳನ್ನು ಮುಂದಿಟ್ಟುಕೊಂಡು ಕೂತಿದ್ದ ಅತ್ತೆ ಮಾವನನ್ನು ಬೈಯಲಿಲ್ಲ. ‘ಚುನಾವಣೆ ಚೆನ್ನಾಗೇ ಆಯ್ತು ಕಣ್ರೀ. ನಮ್ಮಣ್ಣದೀರು ಒಂದು ಎಲೇಲಿ ಉಂಡು ಬೆಳೆದೋರು, ಅದೊಂದು ಓಯ್ತು’ ಅಂದರು ಅಷ್ಟೇ.

ಮಾವ ಮಾರನೆಯ ದಿನ ಯುದ್ಧದ ಅಧ್ಯಾಯ ಬರೆಯಲು ಕೂತರು. ಅವರನ್ನು ನಾನು ಮೆಚ್ಚುವುದು ಇಲ್ಲಿ. ಅವರ ಎಷ್ಟೋ ಮಾತುಗಳನ್ನು ನಾನು ಒಪ್ಪುವುದಿಲ್ಲ. ಆದರೆ ತಾನು ನಂಬಿದ ಚಿಂತನೆ ಎಲ್ಲಿ ಎಡವಿತು ಎಂದು ಕೂತು ಬರೆಯುವವರು, ಬರೆದದ್ದನ್ನು ಅತಿ ಕಟುವಾಗಿ ತಿದ್ದುವವನಿಗೇ ಮೊದಲು ಕಳಿಸುವವರು ನಮ್ಮ ಮೂರು ತಾಲ್ಲೂಕಿನಲ್ಲಿ ಎಷ್ಟು ಜನ ಇದ್ದಾರೆ? ಒಂದು ತಿಂಗಳಲ್ಲಿ ಹನ್ನೆರಡು ಪುಟ ತಂದುಕೊಟ್ಟರು. ‘ಹನ್ನೊಂದನೆಯ ಮತ್ತು ಕೊನೆಯ ಅಧ್ಯಾಯ’ ಎಂದು ತಲೆಬರಹ ಕೊಟ್ಟು ನಾನು ಟೈಪ್ ಮಾಡಿದೆ. ಬಲಗಡೆ ನಾಲ್ಕು ಬೆರಳಲ್ಲ, ಆರು ಬೆರಳು ಜಾಗ ಬಿಡಿಸಿದರು. ಹಳದಿ ಚೀಲ ಹೊರಟಿತು.

ನಾಲ್ಕು ದಿನವಾಯಿತು, ಬರಲಿಲ್ಲ. ಹತ್ತು ದಿನವಾಯಿತು. ಹದಿನೈದನೆಯ ದಿನ ಬಂತು. ಮಾವ ನನಗೆ ಫೋನ್ ಮಾಡಿದರು. ಹನ್ನೆರಡು ಪುಟದಲ್ಲಿ ಎಲ್ಲಿಯೂ ಒಂದು ಕೆಂಪು ಚುಕ್ಕೆಯಿಲ್ಲ! ‘ಗೆದ್ದೆ ಕಣಮ್ಮಿ, ಎದುರುಪಕ್ಷ ಶರಣು’ ಎಂದರು. ಅಷ್ಟು ಹೊತ್ತಿಗೆ ಅವರು ಆ ಪುಟಗಳನ್ನು ಕಿಟಕಿಗೆ ಹಿಡಿದು, ತಿರುಗಿಸಿ, ಮಡಿಕೆಯೊಳಗೂ ನೋಡಿ ಮುಗಿಸಿದ್ದರಂತೆ.

ಮಾರನೆಯ ದಿನ ಅತ್ತೆ ಫೋನ್ ಮಾಡಿದರು. ಗೆದ್ದವರು ಊಟ ಬಿಟ್ಟಿದ್ದಾರೆ, ಬರೀ ಹಾಳೆಯನ್ನೇ ಎದುರಿಗಿಟ್ಟುಕೊಂಡು ಕೂತಿದ್ದಾರೆ, ಬಂದು ಹೋಗು ಎಂದು. ಅಂಗಡಿ ಮುಚ್ಚಿ ಹೋದೆ. ಮಾವ ನನ್ನನ್ನು ನೋಡಿದವರೇ, ಐದನೇ ಪುಟದಲ್ಲಿ ಒಂದು ಕಡೆ ತಾವು ಬೇಕೆಂದೇ ಹಸಿ ಸುಳ್ಳೊಂದನ್ನು ಬಿಟ್ಟಿದ್ದಾಗಿ ಹೇಳಿದರು. ಅವನು ಅದನ್ನು ಹಿಡಿದೇ ಹಿಡಿಯುತ್ತಾನೆ ಎಂದುಕೊಂಡಿದ್ದರಂತೆ. ಹಿಡಿಯದೆ ಬಿಡುವ ಆಸಾಮಿಯಲ್ಲ ಎಂದರು. ಹಾಳೆಗಳನ್ನು ಚೀಲಕ್ಕೆ ಹಾಕುತ್ತ, ಏನೋ ಆಗಿದೆ ಅವನಿಗೆ ಎಂದರು.

ಇಬ್ಬರೂ ಬಸ್‌ಸ್ಟ್ಯಾಂಡಿಗೆ ಹೋದೆವು. ಕಂಡಕ್ಟರನ್ನು ಕೇಳಿದರೆ, ಮೇಷ್ಟ್ರು ಬಸ್ಸಿನ ಹತ್ತಿರ ಬಂದು ತಿಂಗಳಾಯಿತು, ಚೀಲ ಕೊಟ್ಟದ್ದು ಅವರ ಸೊಸೆ ಎಂದ. ‘ಕೈ ನಡುಗೋ ಕಾಯಿಲೆ ಸಾ. ವರ್ಸದ ಮ್ಯಾಲಾಯ್ತು. ಈಗ ಚೀಲ ಹಿಡಿಯಕ್ಕೂ ಆಗಲ್ಲ’ ಅಂದ.

ವರ್ಷದ ಮೇಲಾಯಿತು! ಒಂದು ವರ್ಷ ಆ ನಡುಕದಲ್ಲಿ ನಾವಿಬ್ಬರೂ ಏನೇನು ಓದಿದ್ದೆವು! ಅಳುಕು, ಅಭಿಮಾನ, ಸಿದ್ಧಾಂತ ಜಾರಿದ್ದು, ಮುಕ್ಕಾಲು ಪಾಲು, ಕಾಲು ಪಾಲು. ಕಾಣಿಸುತ್ತಿದ್ದ ಒಂದೇ ಒಂದು ವಿಷಯವನ್ನು, ಒಬ್ಬ ಮುದುಕನ ಕೈ ಸೋಲುತ್ತಿದೆ ಎಂಬುದನ್ನು ಮಾತ್ರ ಓದಲಿಲ್ಲ. ಮಾವ ಬಸ್ಸು ಹತ್ತಿ ಕೂತರು. ನಾನೂ ಹತ್ತಿದೆ. ದಾರಿಯುದ್ದಕ್ಕೂ ಚೀಲವನ್ನು ಮೊಳೆಗೆ ಹಾಕಲು ಬಿಡದೆ ತೊಡೆಯ ಮೇಲಿಟ್ಟುಕೊಂಡಿದ್ದರು.

ಅರಕಲಗೂಡಿನಲ್ಲಿ ಆ ಮನೆಯ ಮೆಟ್ಟಿಲ ಬಳಿ ಮಾವ ನಿಂತುಬಿಟ್ಟರು. ಇಪ್ಪತ್ತು ವರ್ಷದ ಹಿಂದೆ ಎಲೆ ಬಿಟ್ಟು ಎದ್ದವರು ಯಾವ ಮುಖದಲ್ಲಿ ಒಳಗೆ ಹೋಗುವುದು? ಅಷ್ಟರಲ್ಲಿ ಸೊಸೆ ಹೊರಗೆ ಬಂದರು. ಗುರುತು ಹಿಡಿದವರೇ ಕಾಲಿಗೆ ನೀರು ಕೊಟ್ಟರು. ಒಳಗೆ ಮೇಷ್ಟ್ರು ಮಂಚದ ಮೇಲೆ ದಿಂಬಿಗೊರಗಿ ಕೂತಿದ್ದರು. ಬಲಗೈ ತೊಡೆಯ ಮೇಲೆ ತಾನೇ ತಾನಾಗಿ ಅದುರುತ್ತಿತ್ತು, ಎಡಗೈಯಲ್ಲಿ ಅದನ್ನು ಅದುಮಿ ಹಿಡಿದಿದ್ದರು. ಮಾವನನ್ನು ಮೇಲಿಂದ ಕೆಳಗೆ ನೋಡಿದರು. ಕ್ಷೇಮ ಕೇಳಲಿಲ್ಲ. ‘ಐದನೇ ಪುಟದಲ್ಲಿ ಸುಳ್ಳು ಬರ್ದಿದೀಯಲ್ಲೋ’ ಅಂದರು.

ಮಾವನ ಮುಖ ಅರಳಿದ್ದನ್ನು ನೀವು ನೋಡಬೇಕಿತ್ತು. ಮಂಚದ ಅಂಚಿನಲ್ಲಿ ಕೂತು ಹನ್ನೆರಡು ಪುಟ ಬಿಚ್ಚಿದರು. ಗೂಡಿನಲ್ಲಿದ್ದ ಕೆಂಪು ಪೆನ್ನನ್ನು ಮೇಷ್ಟ್ರು ಗದ್ದದಲ್ಲೇ ತೋರಿಸಿದರು. ಮಾವ ಅದನ್ನು ತೆಗೆದುಕೊಂಡು ತಮ್ಮ ಅಧ್ಯಾಯವನ್ನು ತಾವೇ ಗಟ್ಟಿಯಾಗಿ ಓದತೊಡಗಿದರು. ಮೇಷ್ಟ್ರು ಅಲ್ಲಲ್ಲಿ ತಡೆದು ಆಕ್ಷೇಪಣೆ ಹೇಳುವುದು, ಮಾವ ತಮ್ಮ ವಿರುದ್ಧದ ಆ ಮಾತನ್ನು ತಮ್ಮ ಕೈಯಾರೆ ಅಂಚಿನಲ್ಲಿ ಬರೆದುಕೊಳ್ಳುವುದು. ಹೀಗೆ ಏಳನೇ ಪುಟಕ್ಕೆ ಬಂದರು. ಅಲ್ಲಿ, ಆ ಯುದ್ಧದ ವಿಚಾರದಲ್ಲಿ ಕೆಲವು ತಪ್ಪುಗಳು ಸಂಭವಿಸಿದವು ಎಂಬ ಸಾಲಿತ್ತು.

‘ಸಂಭವಿಸಕ್ಕೆ ಅದೇನು ಗ್ರಹಣವಾ?’ ಅಂದರು ಮೇಷ್ಟ್ರು. ‘ಅವರು ಮಾಡುದ್ರು ಅಂತ ಬರಿ. ಇಲ್ಲಿ ಕೂತು ನಾನೂ ಔದೌದು ಅಂದೆ ಅಂತ ಬರಿ. ಅಷ್ಟೇ ಕಣ್ಲಾ. ಅದನ್ನ ಯೋಳಕ್ಕೆ ಅನ್ನೆರಡು ಪುಟ ಯಾಕೆ?’

ಮಾವ ಆ ಸಾಲನ್ನು ಹೊಡೆದುಹಾಕಿದರು. ಆಮೇಲೆ ಬರೆದರು. ನಾನು ಪಕ್ಕದಲ್ಲೇ ಇದ್ದೆ, ಏನು ಬರೆದರೆಂದು ನೋಡಿದೆ. ಮೇಷ್ಟ್ರು ಹೇಳಿದ ಎರಡು ಸಾಲಿನ ಕೆಳಗೆ ಅವರು ಹೇಳದೆ ಇದ್ದ ಮೂರನೆಯದೊಂದು ಸಾಲೂ ಕೆಂಪು ಶಾಯಿಯಲ್ಲಿತ್ತು. ‘ಎಲೆ ಬಿಟ್ಟು ಎದ್ದದ್ದೂ ತಪ್ಪು.’ ಅದನ್ನು ಮಾತ್ರ ಗಟ್ಟಿಯಾಗಿ ಓದಲಾರದೆ ಪುಟವನ್ನು ಮೇಷ್ಟರ ಕಣ್ಣ ಮುಂದೆ ಹಿಡಿದರು. ಮೇಷ್ಟ್ರು ಓದಿದರು. ನಡುಗುವ ಬಲಗೈಯನ್ನು ಅದುಮಿ ಹಿಡಿದಿದ್ದ ಎಡಗೈಯನ್ನು ಬಿಟ್ಟು, ಆ ಕೈಯಿಂದ ಮಾವನ ಮೊಣಕಾಲನ್ನು ಹಿಡಿದುಕೊಂಡರು. ನನಗೆ ಅಳು ಬಂತು, ಸೊಸೆಯ ಹಿಂದೆ ಅಡುಗೆಮನೆಗೆ ಹೋದೆ.

ಆಕೆ ಆಗಲೇ ಮುದ್ದೆ ಕಟ್ಟುತ್ತಿದ್ದರು. ಅಗಲವಾದ ಎಲೆ ಹಾಕಿ, ಸೊಪ್ಪಿನ ಸಾರು ಬಿಟ್ಟು, ‘ಮಾವ, ನಮ್ಮ ಮದ್ವೆ ಊಟ ನಿಮ್ದು ಅರ್ಧಕ್ಕೇ ನಿಂತದೆ. ಇವತ್ತು ಪೂರ್ತಿ ಮಾಡ್ಬುಟ್ಟೇ ಏಳ್ಬೇಕು’ ಅಂದರು. ಮಾವ ಎರಡು ಮುದ್ದೆ ಉಂಡರು, ಅನ್ನ ಉಂಡರು, ಮಜ್ಜಿಗೆ ಕುಡಿದರು, ಎಲೆಯಲ್ಲಿ ಕರಿಬೇವೊಂದನ್ನು ಬಿಟ್ಟು ಏನನ್ನೂ ಉಳಿಸಲಿಲ್ಲ.

ಹೊರಡುವಾಗ ಮೇಷ್ಟ್ರು ಬಾಗಿಲ ಕಡೆ ನೋಡುತ್ತ, ‘ಮುಂದಿನ ಅಧ್ಯಾಯನ ಬಸ್ಸಲ್ಲಿ ಕಳಿಸ್ಬ್ಯಾಡ’ ಅಂದರು. ಮಾವ ಆಗಲಿ ಎಂದರು.

ನಾನು ಮಾವನ ಮುಖ ನೋಡಿದೆ. ಮುಂದಿನ ಅಧ್ಯಾಯ ಯಾವುದು? ಪುಸ್ತಕ ಮುಗಿದಿತ್ತಲ್ಲ! ಬಸ್ಸಿನಲ್ಲಿ ಕಂಡಕ್ಟರ್ ಬಂದು, ಚೀಲವನ್ನೂ ಮಾವನನ್ನೂ ನೋಡಿ, ಕೂಡಿ ಬಂತಾ ಸಾ ಎಂದು ಕೇಳಿದ. ಬಂತಪ್ಪ ಎಂದು ಮಾವ ಎರಡು ಟಿಕೆಟ್ ತೆಗೆದುಕೊಂಡರು. ಸ್ವಲ್ಪ ದೂರ ಹೋದ ಮೇಲೆ ನನ್ನ ಕಡೆ ತಿರುಗಿದರು.

‘ತಲೆಬರಹದಲ್ಲಿ ಕೊನೆಯ ಅಂತ ಹಾಕಿದ್ದೀಯಲ್ಲಮ್ಮಿ,’ ಅಂದರು, ‘ಅದನ್ನ ತೆಗೆದಾಕ್ಬುಡು.’